ಟೀಚರಿಗಿಟ್ಟ ಹೆಸರು

ಕಿವಿ ಕೇಳದ ಮಕ್ಕಳ ಆ ಶಾಲೆಯಲ್ಲಿ ಎಲ್ಲರಿಗೂ ಕೈಸನ್ನೆಯ ಹೆಸರೊಂದಿತ್ತು. ಮೀಸೆ ತಿರುವಿದರೆ ಹೆಡ್‌ಮಾಸ್ಟರು, ರೊಟ್ಟಿ ಬಡಿದರೆ ಅಡುಗೆಯ ಚಂದ್ರವ್ವ. ಪಾಠ, ಸ್ನಾನ, ಊಟ ಎಲ್ಲಕ್ಕೂ ಒಬ್ಬಳೇ ಹೆಣಗುತ್ತಿದ್ದ ಹೊಸ ಟೀಚರಿಗೂ ಮಕ್ಕಳು ಅಂದು ಹೆಸರಿಟ್ಟರು: ಒಂದು ಕೈ ಮೇಲೆತ್ತಿ, ಬಸ್ಸಿನ ಕಂಬಿ ಹಿಡಿದವರಂತೆ ಓಲಾಡಿದರು.

ಅವಳ ದಣಿವೆಲ್ಲ ಇಳಿದುಹೋಯಿತು. "ನೋಡ್ರಿ ಚಂದ್ರವ್ವ, ನಾ ದಿನಾ ಬಸ್ಸಿನ್ಯಾಗ ನಿಂತು ಬರೂದು ಇವಕ್ಕ ಹೆಂಗ ಗೊತ್ತಾತು!"

ಚಂದ್ರವ್ವ ತಲೆ ಎತ್ತಲಿಲ್ಲ. "ಹಿಂದಿನ ಅಕ್ಕೋರಿಗೂ ಅದ ಹೆಸರಿತ್ರಿ. ಅವರ ಹಿಂದಿನವರಿಗೂ."

"ಅವರೂ ಬಸ್ಸಿನ್ಯಾಗ ಬರ್ತಿದ್ರೇನು?"

"ಇಲ್ರೀ, ಇಲ್ಲೇ ಶಾಲಿಯಾಗ ಇರ್ತಿದ್ರು. ಕಡೀಕ ಎಲ್ಲಾರೂ ಬಸ್ ಹತ್ತಿ ಹೋದ್ರು."