ಬೂತಾಯಿಯ ಅವಳಿ

ನಮ್ಮ ದ್ವೀಪದಲ್ಲಿ ಒಂದು ಮಗು ಹುಟ್ಟಿದರೆ, ಅದೇ ಗಳಿಗೆಗೆ ಕಡಲಮ್ಮ ನೀರಿನಲ್ಲಿ ಅದಕ್ಕೊಂದು ಅವಳಿಯನ್ನು ಹೆರುತ್ತಾಳೆ. ನನ್ನ ಓರಗಿತ್ತಿ ಗುಲಾಬಿಯಕ್ಕನದು ಡಾಲ್ಫಿನ್. ಬೆಳಿಗ್ಗೆ ಅವಳು ಕೂಗಿದರೆ ಸಾಕು, ಅಲೆಯ ಮೇಲೆ ನೆಗೆಯುತ್ತದೆ. ನೋಡಲು ಊರಿಗೆ ಊರೇ ದಡಕ್ಕೆ ಓಡಿಬರುತ್ತದೆ. ನನ್ನದು ಬೂತಾಯಿ ಮೀನು. ಲಕ್ಷ ಬೂತಾಯಿಗಳಲ್ಲಿ ನನ್ನದು ಯಾವುದೆಂದು ನನಗೇ ಗೊತ್ತಿಲ್ಲ.

ಇವತ್ತು ಹೊಟ್ಟೆಯುರಿ ತಡೆಯಲಾಗಲಿಲ್ಲ. “ಕಡಲಮ್ಮಂಗೆ ನಿನ್ನ ಮೇಲೇ ಪ್ರೀತಿ ಬಿಡಕ್ಕ,” ಎಂದೆ.

ಗುಲಾಬಿಯಕ್ಕ ಒದ್ದೆ ಸೆರಗು ಹಿಂಡುತ್ತ ನನ್ನನ್ನು ದುರುಗುಟ್ಟಿ ನೋಡಿದಳು.

“ನಿನ್ನದು ಯಾವುದಂತ ಗೊತ್ತಿಲ್ಲ ಅಂತಲೇ, ನೀ ಹುಟ್ಟಿದ ದಿನದಿಂದ ಇಡೀ ದ್ವೀಪ ಬೂತಾಯಿ ತಿನ್ನೂದು ಬಿಟ್ಟಿದೆ ಮಾರಾಯ್ತಿ. ನಂಗಾಗ ಆರು ವರ್ಷ. ಆ ಸಾರಿನ ರುಚಿ ಇನ್ನೂ ನಾಲಿಗೆ ಮೇಲೆ ಉಂಟು. ನನ್ನ ಡಾಲ್ಫಿನ್ನಿಗೋಸ್ಕರ ಯಾರು ಎಂತ ಬಿಟ್ಟಿದ್ದಾರೆ, ಹೇಳು?”