ಸೀಸದ ತುಂಡು

ಗುರುಪಾದಪ್ಪನವರ ನಡುಮನೆಯಲ್ಲಿ ಪ್ಲೈವುಡ್ ಹಲಗೆಯ ಟ್ರ್ಯಾಕು, ಅದರ ಸೀಳಿನಲ್ಲಿ ಕರೆಂಟಿನಿಂದ ಓಡುವ ಅಂಗೈ ಉದ್ದದ ಎರಡು ಕಾರು. ಈ ರೇಸಿನಲ್ಲಿ ಅವರು ಭಾಮೈದನಿಗೆ ಮೂವತ್ತೊಂದು ಭಾನುವಾರ ಸೋತಿದ್ದರು. ನೇರ ದಾರಿಯಲ್ಲಿ ಅವರ ಕಾರೇ ಮುಂದೆ. ತಿರುವು ಬಂದರೆ ಮಾತ್ರ ಹಾರಿ ಸೋಫಾದ ಕೆಳಗೆ ಸೇರುತ್ತಿತ್ತು. ಟೈರು ಉಜ್ಜಿದರು, ಗೇರಿಗೆ ಎಣ್ಣೆ ಬಿಟ್ಟರು, ಮೋಟಾರನ್ನೇ ಬದಲಿಸಿದರು. ಏನೂ ಗಿಟ್ಟಲಿಲ್ಲ. ಈಗ ಭಾಮೈದನಿಗೆ ಬೀದರಿಗೆ ವರ್ಗವಾಗಿತ್ತು. ಇವತ್ತಿನದೇ ಕೊನೆಯ ರೇಸು.

ಅವನು ಒಳಗೆ ಅಕ್ಕನ ಜೊತೆ ಕಾಫಿ ಕುಡಿಯುತ್ತಿದ್ದಾಗ ಗುರುಪಾದಪ್ಪನವರು ತಮ್ಮ ಕಾರನ್ನು ಮಗುಚಿ ನೋಡಿದರು. ತಳದಲ್ಲಿ ಒಂದು ಸೀಸದ ತುಂಡು ಅಂಟಿಕೊಂಡಿತ್ತು. ಅವರು ಅಂಟಿಸಿದ್ದಲ್ಲ.

'ಓಹೋ, ಇದಾ ಸಮಾಚಾರ' ಎಂದುಕೊಂಡರು. ಇಷ್ಟು ಭಾರ ಹೊತ್ತ ಕಾರು ಗೆಲ್ಲುವುದಾದರೂ ಹೇಗೆ? ಉಗುರಿನಿಂದ ಅದನ್ನು ಕಿತ್ತು ಭಾಮೈದನ ಕಾರಿನ ತಳಕ್ಕೆ ಒತ್ತಿ ಅಂಟಿಸಿದರು.

"ಶುರು ಮಾಡೋಣ್ವಾ ಭಾವ?" ಎನ್ನುತ್ತ ಅವನು ಬಂದ.

"ಬಾರಪ್ಪ, ಇವತ್ತು ನೋಡೇಬಿಡೋಣ."

ಮೊದಲನೇ ತಿರುವಿನಲ್ಲೇ ಗುರುಪಾದಪ್ಪನವರ ಕಾರು ಹಾರಿ ಸೋಫಾದ ಕೆಳಗೆ ಹೋಯಿತು. ಭಾಮೈದನದು ಎಂದೂ ಇಲ್ಲದ ಹಾಗೆ ಟ್ರ್ಯಾಕನ್ನು ಕಚ್ಚಿಕೊಂಡು ಹತ್ತೂ ಸುತ್ತು ಓಡಿತು.

ಅವನು ಮಂಡಿಯೂರಿ ಭಾವನ ಕಾರನ್ನು ಹೊರಗೆಳೆದ. ಮಗುಚಿ ನೋಡಿ ಹುಬ್ಬು ಗಂಟಿಕ್ಕಿದ.

"ನಾನು ಹೋಗೋದ್ರೊಳಗೆ ಒಂದ್ಸಲ ನೀವು ಗೆಲ್ಲಲಿ, ತಿರುವಲ್ಲಿ ಹಾರದೆ ಇರ್ಲಿ ಅಂತ ಸೀಸ ಅಂಟಿಸಿದ್ದೆ ಭಾವ. ಅದೆಲ್ಲಿ ಬಿದ್ದುಹೋಯ್ತು?"