ತಪ್ಪಿನ ಪುಸ್ತಕ

ಅನುದಾನ ಕೊಡುವ ಟ್ರಸ್ಟಿನ ಪರಿಶೀಲಕಿ ಮೆಟ್ಟಿಲು ಹತ್ತುವ ಸದ್ದು ಕೇಳಿದ್ದೇ ತಡ, ಅಕ್ಕ ಮೇಜಿನ ಮೇಲಿದ್ದ ಜಿಡ್ಡು ಹಿಡಿದ ದಪ್ಪ ಪುಸ್ತಕವನ್ನು ಕುರ್ಚಿಗೆ ಹಾಕಿ ಅದರ ಮೇಲೆಯೇ ಕುಳಿತುಬಿಟ್ಟಳು. ಪಕ್ಕದ ಕೋಣೆಯಲ್ಲಿ ತಮ್ಮ ಅರ ಹಿಡಿದು ಕೃತಕ ಕಾಲೊಂದನ್ನು ಉಜ್ಜುತ್ತಿದ್ದ. ಕಾಲು ಕಳೆದುಕೊಂಡವರಿಗೆ ಉಚಿತವಾಗಿ ಕಾಲು ಮಾಡಿಕೊಡುವ ಈ ಸಂಸ್ಥೆಯಲ್ಲಿ ಕಾಲಿನ ಕೆಲಸ ಅವನದು, ಕಾಗದದ ಕೆಲಸ ಇವಳದು. ಮೂರು ವರ್ಷದ ಅನುದಾನ ಈ ತಿಂಗಳಿಗೆ ಮುಗಿಯುತ್ತಿತ್ತು. ಬಂದಾಕೆ ಹೂಂ ಎಂದರೆ ಸರಿ, ಇಲ್ಲದಿದ್ದರೆ ಬಾಗಿಲಿಗೆ ಬೀಗವೇ.

ಪರಿಶೀಲಕಿ ಬಣ್ಣಬಣ್ಣದ ವರದಿಯನ್ನು ತಿರುವಿ ಹಾಕಿದಳು. ಪುಟ ಪುಟದಲ್ಲೂ ನಗುವ ಮುಖಗಳು.

"ಮಾಡಿಕೊಟ್ಟ ಕಾಲುಗಳಲ್ಲಿ ಸರಿ ಹೋಗದೆ ವಾಪಸ್ ಬಂದಿದ್ದು ಎಷ್ಟು?"

"ಒಂದೂ ಇಲ್ಲ ಮೇಡಂ," ಎಂದಳು ಅಕ್ಕ, ಕಣ್ಣು ಮಿಟುಕಿಸದೆ. ಶಹಭಾಸ್‌ಗಿರಿ ಬರುತ್ತದೆಂದು ಕಾದಳು. ಬರಲಿಲ್ಲ. ಪರಿಶೀಲಕಿ ಮುಖ ಸಪ್ಪೆ ಮಾಡಿಕೊಂಡು ಪೆನ್ನಿಗೆ ಮುಚ್ಚಳ ಹಾಕಿದಳು.

ಅಷ್ಟರಲ್ಲಿ ತಮ್ಮ ಕಂಕುಳಲ್ಲಿ ಕಾಲೊಂದನ್ನು ಇರುಕಿಕೊಂಡು ಒಳಗೆ ಬಂದ. "ಅಕ್ಕಾ, ತಪ್ಪಿನ ಪುಸ್ತಕ ಎಲ್ಲಿಟ್ಟೆ? ಡ್ರೈವರಣ್ಣನ ಕಾಲು ವಾಪಸ್ ಬಂದಿದೆ, ಬರೀಬೇಕು."

"ಯಾವ ಪುಸ್ತಕನೋ?" ಅಕ್ಕ ಕಣ್ಣಲ್ಲೇ ಗದರಿದಳು. ಆದರೆ ಕಣ್ಸನ್ನೆ ತಿಳಿಯುವ ಪೈಕಿಯೇ ಅಲ್ಲ ಆ ಮಹಾನುಭಾವ.

"ಅದೇ ಕಣೇ. ನೀನು ಕೂತಿದ್ದೀಯಲ್ಲ, ಅದು."

ಪರಿಶೀಲಕಿ ಕೈ ಚಾಚಿದಳು. ಅಕ್ಕ ಕಿವಿಯವರೆಗೂ ಕೆಂಪಾಗಿ ಎದ್ದು ನಿಂತು ಪುಸ್ತಕ ಕೊಟ್ಟಳು. ಇನ್ನು ಎಲ್ಲ ಮುಗಿಯಿತು ಎಂದುಕೊಂಡಳು. ಒಳಗೆ ತಮ್ಮನ ಸೊಟ್ಟ ಅಕ್ಷರ: 'ಟೀಚರಮ್ಮನ ಎಡಗಾಲು. ತಪ್ಪು: ಸಂಜೆ ಊತವಿದ್ದಾಗ ಅಳತೆ ತೆಗೆದೆ, ಬೆಳಗ್ಗೆ ಸಡಿಲವಾಯಿತು. ಸರಿಪಡಿಸಿದ್ದು: ಇನ್ನು ಎಲ್ಲರಿಗೂ ಎರಡು ಹೊತ್ತು ಅಳತೆ.' 'ದರ್ಜಿಯ ಬಲಗಾಲು. ತಪ್ಪು: ನಡೆಸಿ ನೋಡಿದೆ, ಹೊಲಿಗೆ ಯಂತ್ರ ತುಳಿಸಿ ನೋಡಲಿಲ್ಲ. ಸರಿಪಡಿಸಿದ್ದು: ಮೊದಲು ಕೆಲಸ ಏನೆಂದು ಕೇಳುವುದು.' ಹೀಗೆ ಪುಟಗಟ್ಟಲೆ. ಪರಿಶೀಲಕಿ ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಹಾಳೆ ಮಗುಚುತ್ತಾ ಬಹಳ ಹೊತ್ತು ಓದಿದಳು.

"ಇಲ್ಲಿಗೆ ಬರೋ ಮುಂಚೆ ಹನ್ನೊಂದು ಸಂಸ್ಥೆ ನೋಡಿದೆ," ಎಂದಳು ಕೊನೆಗೆ. "ಎಲ್ಲೂ ಒಂದೇ ಒಂದು ತಪ್ಪೂ ಆಗಿಲ್ವಂತೆ! ನಾನು ಯಾರನ್ನ ನಂಬಲಿ? ಇಲ್ಲಿ ನೋಡಿ, ಹೋದ ವರ್ಷದ ತಪ್ಪು ಒಂದೂ ಈ ವರ್ಷ ಮತ್ತೆ ಬಂದಿಲ್ಲ. ಇದಕ್ಕೇ ಅನುದಾನ ಮುಂದುವರಿಸಿ ಅಂತ ಬರೀಬಹುದು. ಆದ್ರೆ ಈಗ ನೀವು ಹೇಳಿದ್ರಲ್ಲ, 'ಒಂದೂ ಇಲ್ಲ' ಅಂತ, ಅದನ್ನೇನು ಮಾಡೋಣ?"

ಅಕ್ಕ ತಮ್ಮನ ಕಿವಿಯ ಸಂದಿಯಲ್ಲಿದ್ದ ಪೆನ್ಸಿಲ್ ಕಿತ್ತುಕೊಂಡು, ಪುಸ್ತಕ ಎಳೆದುಕೊಂಡು, ಅಂದಿನ ತಾರೀಖು ಹಾಕಿ ಎರಡು ಸಾಲು ಗೀಚಿದಳು. ಅವಳ ಕೈಬರಹ ಆ ಪುಸ್ತಕದಲ್ಲಿ ಬಿದ್ದದ್ದು ಅದೇ ಮೊದಲು. ಪರಿಶೀಲಕಿ ಓದಿ ಜೋರಾಗಿ ನಕ್ಕು, ಪೆನ್ನಿನ ಮುಚ್ಚಳ ತೆಗೆದಳು.

'ತಪ್ಪು: ಈ ಪುಸ್ತಕದ ಮೇಲೆ ಕೂತದ್ದು.

ಸರಿಪಡಿಸಿದ್ದು: ಎದ್ದದ್ದು.'